ಮೂರು ತಿಂಗಳು ತುಂಬುವ ತನಕ

ಲಿಂಗದಹಳ್ಳಿ
೩ ಜನವರಿ ೨೦೨೪

ಅಮ್ಮಾ,

ಕ್ಷೇಮಸಮಾಚಾರ ಆಮೇಲೆ, ಮೊದಲು ವಿಷಯ. ನನಗೆ ಮತ್ತೆ ದಿನ ನಿಂತಿದೆ. ಡಿಸೆಂಬರ್ ಇಪ್ಪತ್ತಮೂರಕ್ಕೆ ಮುಟ್ಟಾಗಬೇಕಿತ್ತು, ಆಗಲಿಲ್ಲ. ಮಾವ ತರೀಕೆರೆಯಿಂದ ಕಿಟ್ ತಂದುಕೊಟ್ಟ, ಎರಡು ಗೀಟು ಬಂತು. ಅಂಗಡಿಯಲ್ಲಿ ಸುಟ್ಟ ಮೋಟರನ್ನು ನೋಡುವ ಹಾಗೆ ಆ ಕಡ್ಡಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಹೋಗಿ ಹಿತ್ತಲಲ್ಲಿ ಕೂತ. ಖುಷಿಗೋ ಭಯಕ್ಕೋ ನಾನು ಕೇಳಲಿಲ್ಲ. ಮದುವೆಯಾಗಿ ಐದು ವರ್ಷವಾದರೂ ನಿನ್ನ ತಮ್ಮನನ್ನು ನಾನು ಮಾವ ಎಂದೇ ಕರೆಯುತ್ತೇನೆ. ಹುಟ್ಟಿದಾಗಿನಿಂದ ಹಾಗೆ ಕರೆದ ಬಾಯಿಗೆ ‘ರೀ’ ಅನ್ನಲು ಬರುವುದಿಲ್ಲ.

ಫೋನ್ ಮಾಡಬಹುದಿತ್ತು ಅನ್ನಬೇಡ. ನಿನ್ನ ಕಿವಿಗೆ ಕೇಳಿಸುವಷ್ಟು ಜೋರಾಗಿ ಹೇಳಿದರೆ ಅಜ್ಜಿಗೆ ಕೇಳಿಸುತ್ತದೆ, ಎದುರು ಮನೆಗೂ ಕೇಳಿಸುತ್ತದೆ. ಮೆಸೇಜು ಹಾಕೋಣವೆಂದರೆ ನಿನ್ನದು ಬಟನ್ ಫೋನು, ಬಂದ ಮೆಸೇಜನ್ನು ಓದಿಕೊಡು ಎಂದು ನೀನು ಪಕ್ಕದ ಮನೆಗೆ ಹೋಗುತ್ತೀಯ. ಅಜ್ಜಿಯೋ ಯಾರಿಗೂ ಹೇಳಬಾರದು ಎಂದು ಆಣೆ ಹಾಕಿಸಿಕೊಂಡಿದ್ದಾಳೆ. “ಮೂರ್ ತಿಂಗ್ಳು ತುಂಬೋ ತನ್ಕ ಬಾಯ್ ಬಿಡ್‌ಬ್ಯಾಡ ಕಣೇ, ಆಸ್ಪತ್ರೆ ಕಡೀಕೂ ತಲೆ ಹಾಕ್‌ಬ್ಯಾಡ” ಎಂದಳು. ಹೆತ್ತ ಮಗಳು ನೀನು, ನಿನಗೂ ಹೇಳಬಾರದಂತೆ. ಅಜ್ಜಿಗೆ ಓದಲು ಬಾರದ್ದು ನನ್ನ ಪುಣ್ಯ.

ಆದರೆ ಇಲ್ಲಿನ ಹೆರಿಗೆ ಸಿಸ್ಟರ್ ತನುಜಾ ಅವರಿಗೆ ಯಾರೂ ಹೇಳಬೇಕಾಗಿಲ್ಲ. ಪಕ್ಕದ ಮನೆ ಕೂಸಿಗೆ ಇಂಜೆಕ್ಷನ್ ಕೊಡಲು ಬಂದವರು ನಾನು ಬಚ್ಚಲ ಮೂಲೆಯಲ್ಲಿ ಉಗಿಯುವುದನ್ನು ನೋಡಿ ನಿಂತೇಬಿಟ್ಟರು. ಅಜ್ಜಿ ಪಿತ್ತ ಎಂದಳು. ಸಿಸ್ಟರ್ ನಕ್ಕು ಹೋದರು. ಮಾರನೆ ದಿನ ಅಜ್ಜಿ ಇಲ್ಲದ ಹೊತ್ತು ನೋಡಿ ಬಂದು, ಈಗಲೇ ಬರಬೇಕು, ಮೂರು ತಿಂಗಳು ಕಾಯುವ ಹಾಗಿಲ್ಲ ಎಂದರು. ಅಜ್ಜಿಯ ವಿಷಯ ಹೇಳಿದೆ. ನಿಟ್ಟುಸಿರು ಬಿಟ್ಟು ಒಂದು ಹಾಳೆಯಲ್ಲಿ ಪ್ರಶ್ನೆಗಳನ್ನು ಬರೆದುಕೊಟ್ಟರು. ಬರುವುದು ಯಾವತ್ತೇ ಆಗಲಿ, ಇಷ್ಟನ್ನು ಮನೆಯವರ ಹತ್ತಿರ ಕೇಳಿಕೊಂಡು ಬಾ, ಮೊದಲನೆಯ ಕೂಸು ಎಂಟು ತಿಂಗಳಿಗೆ ಹೋಗಿದೆ, ಹಾಗಾಗಿ ನಿನ್ನನ್ನು ಸುಮ್ಮನೆ ಬಿಡಲ್ಲ ಎಂದರು.

ಕೆಲವಕ್ಕೆ ನನಗೇ ಉತ್ತರ ಗೊತ್ತು. ಉಳಿದದ್ದು ನಿನಗೆ. ನಾನು ಹುಟ್ಟಿದಾಗ ತೂಕ ಎಷ್ಟಿತ್ತು? ನಿನಗೆ ಹೆರಿಗೆ ಕಷ್ಟವಾಯಿತೇ? ಎರಡೂ ಕಡೆಯಲ್ಲಿ ಸಕ್ಕರೆ, ಬಿಪಿ, ಫಿಟ್ಸು ಯಾರಿಗಾದರೂ ಉಂಟೇ? ಕೊನೆಯದು, ನಿನಗೆ ಮಕ್ಕಳು ಹುಟ್ಟಿ ತೀರಿಕೊಂಡದ್ದುಂಟೇ? ಕೊನೆಯದಕ್ಕೆ ಇಲ್ಲ ಎಂದು ನಾನೇ ಬರೆಯಬಹುದು, ನಾನು ಒಬ್ಬಳೇ ಮಗಳಲ್ಲವೇ. ಆದರೂ ಸಿಸ್ಟರು ಕೇಳಿಯೇ ಬರೆಯಬೇಕು ಎಂದಿದ್ದಾರೆ.

ನೀನು ಈ ಮನೆಗೆ ಕಡೆಯ ಸಲ ಬಂದು ಎರಡೂವರೆ ವರ್ಷವಾಯಿತು. ಅದನ್ನು ಈ ಕಾಗದದಲ್ಲಿ ಕೇಳುವುದಿಲ್ಲ. ಉತ್ತರ ಬೇಗ ಬರಲಿ.

ಹುಳಿ ತಿನ್ನಬೇಕೆನಿಸುತ್ತಿರುವ ನಿನ್ನ ಮಗಳು,
ಹೇಮಾವತಿ


ಸಖರಾಯಪಟ್ಟಣ
೧೧ ಜನವರಿ ೨೦೨೪

ಚಿ. ಸೌ. ಹೇಮಾಳಿಗೆ ಅಮ್ಮನ ಆಶೀರ್ವಾದ.

ನಿನ್ನ ಕಾಗದ ಸೋಮವಾರ ಬಂತು. ಓದಿ ದೇವರ ಮುಂದೆ ದೀಪ ಹಚ್ಚಿದೆ. ಫೋಲಿಕ್ ಮಾತ್ರೆ ಇವತ್ತಿನಿಂದಲೇ ಶುರುಮಾಡು, ಅಜ್ಜಿಗೆ ಹೇಳಬೇಕಾಗಿಲ್ಲ, ತಲೆನೋವಿನ ಮಾತ್ರೆ ಅನ್ನು. ಬೆಳಿಗ್ಗೆ ಏಳುವ ಮೊದಲು ಒಣ ರೊಟ್ಟಿಯ ಚೂರು ಬಾಯಿಗೆ ಹಾಕಿಕೊಂಡರೆ ವಾಕರಿಕೆ ಕಡಿಮೆಯಾಗುತ್ತದೆ. ಹುಣಸೆಹಣ್ಣು ತಿನ್ನಬೇಡ, ನೆಲ್ಲಿಕಾಯಿ ತಿನ್ನು. ನೀರಿನ ಕೊಡ ಎತ್ತಬೇಡ. ಹೊಲಿಗೆ ಮಿಷನ್ನನ್ನು ಐದು ತಿಂಗಳ ತನಕ ತುಳಿಯಬಹುದು, ಆಮೇಲೆ ಬೇಡ. ನಿನ್ನ ಗಿರಾಕಿಗಳಿಗೆ ಈಗಲೇ ಹೇಳಿಬಿಡು, ಯುಗಾದಿ ಹೊತ್ತಿಗೆ ಎಲ್ಲರಿಗೂ ರವಿಕೆ ಬೇಕಾಗುತ್ತದೆ.

ನೀನು ಹುಟ್ಟಿದಾಗ ಎರಡು ಕಿಲೋ ಎಂಟು ನೂರು ಗ್ರಾಂ ಇದ್ದೆ. ಹೆರಿಗೆ ಸುಲಭವಾಯಿತು. ನಿಮ್ಮಪ್ಪನಿಗೆ ಕೊನೆಯಲ್ಲಿ ಬಿಪಿ ಇತ್ತು, ಅದು ನಿನಗೂ ಗೊತ್ತು. ಸಕ್ಕರೆ ಕಾಯಿಲೆ ನಮ್ಮ ಕಡೆ ಯಾರಿಗೂ ಇಲ್ಲ. ಫಿಟ್ಸು ಇಲ್ಲ. ಮಿಕ್ಕಿದ್ದಕ್ಕೂ ಇಲ್ಲ ಎಂದೇ ಬರೆಸು.

ಸಿಸ್ಟರ್ ಕೇಳಿದ್ದಕ್ಕೆಲ್ಲ ನೀನು ಇಷ್ಟು ತಲೆ ಕೆಡಿಸಿಕೊಳ್ಳಬೇಡ. ಖಾನೆ ಇದೆ ಎಂದು ಕೇಳುತ್ತಾರೆ. ಮೂವತ್ತು ವರ್ಷ ಅಂಗನವಾಡಿಯಲ್ಲಿ ನಾನೂ ಕೇಳುತ್ತಿದ್ದೆ. ಯಾರು ಏನು ಹೇಳಿದರೂ ಬರೆದುಕೊಳ್ಳುತ್ತಿದ್ದೆ, ಯಾರ ಬಾಯಿಂದ ಏನು ಬಂದಿಲ್ಲ ಎಂದು ನೋಡಲು ನಮಗೆಲ್ಲಿ ಪುರುಸೊತ್ತು. ಈಗಿನ ಸಿಸ್ಟರ್‌ಗಳಿಗೆ ಕೆಲಸ ಕಡಿಮೆ ಇರಬೇಕು.

ನನಗೆ ಮಂಡಿನೋವು. ಕಡೂರಿಗೆ ಹೋಗಿ ಬಸ್ಸು ಬದಲಾಯಿಸಿ ಅಷ್ಟು ದೂರ ಬರುವ ಶಕ್ತಿ ಇಲ್ಲ. ಬರಲಿಲ್ಲವೆಂದರೆ ಅದಕ್ಕೇ.

ತೆಂಗಿನಕಾಯಿ ಕೆಡವಿಸಿದ್ದೇನೆ. ಯಾರಾದರೂ ಆ ಕಡೆ ಬಂದರೆ ಕಳಿಸುತ್ತೇನೆ.

ಜೋಪಾನವಾಗಿರು ಎನ್ನುವ,
ನಿನ್ನ ಅಮ್ಮ, ಹನುಮಂತಮ್ಮ


ಲಿಂಗದಹಳ್ಳಿ
೨೪ ಜನವರಿ ೨೦೨೪

ಅಮ್ಮಾ,

ನೀನು ಬರೆದ ಹಾಗೇ ಹಾಳೆಯಲ್ಲಿ ತುಂಬಿಸಿ ಇಟ್ಟಿದ್ದೆ. ಭಾನುವಾರ ಅದನ್ನು ಮತ್ತೆ ತೆಗೆಯಬೇಕಾಯಿತು.

ಅಜ್ಜಿ ನನ್ನ ತಲೆಗೆ ಹರಳೆಣ್ಣೆ ತಟ್ಟುತ್ತಿದ್ದಳು. ತಟ್ಟುವಾಗ ಅವಳು ನನ್ನ ಹತ್ತಿರ ಮಾತಾಡುವುದಿಲ್ಲ, ತನ್ನ ಪಾಡಿಗೆ ತಾನು ಮಾತಾಡಿಕೊಳ್ಳುತ್ತಾಳೆ, ನಿನಗೂ ಗೊತ್ತು. ಈ ಸಲ ಮನೆದೇವರಿಗೆ ಹರಕೆ ಮೊದಲೇ ಕಟ್ಟಿಬಿಡಬೇಕು, ತಡಮಾಡಿದ್ದಕ್ಕೇ ದುಶ್ಯಂತ ಹೋಗಿದ್ದು ಎಂದಳು. ಆಮೇಲೆ, “ನಿಮ್ಮವ್ವನ ಹುಡುಗ್ರೂ ಹಿಂಗೇ ಕತ್ತು ನಿಲ್ಸಲಿಲ್ಲ” ಎಂದಳು. ನನ್ನ ತಲೆಯ ಮೇಲಿದ್ದ ಕೈ ಅಲ್ಲೇ ನಿಂತಿತು. ಯಾರ ಹುಡುಗರು ಅಜ್ಜಿ ಎಂದೆ. ಎಣ್ಣೆ ಜಾಸ್ತಿಯಾಯಿತು ಎಂದು ಎದ್ದು ಹೋದಳು. ಅವತ್ತಿನಿಂದ ನಾನು ಹತ್ತಿರ ಹೋದರೆ ಜಪಮಣಿ ಹಿಡಿದುಕೊಳ್ಳುತ್ತಾಳೆ.

ರಾತ್ರಿ ಊಟಕ್ಕೆ ಕೂತಾಗ ಮಾವನನ್ನು ಕೇಳಿದೆ. ನಾನು ಆಗ ಚಡ್ಡಿ ಹಾಕುತ್ತಿದ್ದೆನೋ ಇಲ್ಲವೋ, ನನಗೇನು ಗೊತ್ತು, ಅಕ್ಕನನ್ನೇ ಕೇಳು ಎಂದ. ಅಂದರೆ ಕೇಳುವಂಥದ್ದು ಏನೋ ಇದೆ.

ದುಶ್ಯಂತನ ಬಗ್ಗೆ ನಾವಿಬ್ಬರೂ ಒಮ್ಮೆಯೂ ಮಾತಾಡಿಲ್ಲ. ನಾನು ಬರೆಯುತ್ತೇನೆ, ನೀನು ಓದು. ನಿನ್ನ ಮನೆಯಲ್ಲೇ ಬಾಣಂತನ. ಐದು ತಿಂಗಳು ಇಟ್ಟುಕೊಂಡು ಕಳಿಸುತ್ತೇನೆ ಎಂದವಳು ಎರಡೂವರೆ ತಿಂಗಳಿಗೇ ಗಂಟುಮೂಟೆ ಕಟ್ಟಿಸಿದೆ. ಅಂಗನವಾಡಿ ಕೆಲಸ ಜಾಸ್ತಿ ಎಂದೆ. ನಾನು ಏನು ತಪ್ಪು ಮಾಡಿದೆ ಎಂದು ಬಸ್ಸಿನುದ್ದಕ್ಕೂ ಯೋಚಿಸಿದೆ. ಇಲ್ಲಿಗೆ ಬಂದ ಮೇಲೆ ಕೂಸಿನ ಕೈಕಾಲು ದಿನದಿನಕ್ಕೆ ಸೋಲುತ್ತಾ ಹೋಯಿತು. ಕಣ್ಣು ಮಾತ್ರ ಎಷ್ಟು ಚುರುಕು, ನಾನು ಒಳಗೆ ಹೊರಗೆ ಓಡಾಡಿದರೆ ಕಣ್ಣಲ್ಲೇ ಹಿಂದೆ ಬರುತ್ತಿದ್ದ. ಅಜ್ಜಿ ಬಾಲಗ್ರಹ ಎಂದು ದಾರ ಕಟ್ಟಿಸಿದಳು. ಆಸ್ಪತ್ರೆಯಲ್ಲಿ ಕಫ ಎಂದರು. ಊರವರು ತಾಯಿಗೆ ಹಾಲು ಸಾಲದು ಎಂದರು, ಅದನ್ನೇ ನಾನು ನಂಬಿದೆ. ಇವತ್ತಿಗೂ ಯಾರಾದರೂ ಎದುರಿಗೆ ಕೂಸಿಗೆ ಹಾಲೂಡಿಸಿದರೆ ನಾನು ಎದ್ದು ಹೋಗುತ್ತೇನೆ. ಮಣ್ಣು ಮಾಡುವ ದಿನ ನೀನು ಬಂದೆ, ಹೊಸ್ತಿಲ ಹೊರಗೇ ನಿಂತೆ, ಮುಂದಿನ ಬಸ್ಸಿಗೆ ಹೋದೆ. ಒಂದು ತೊಟ್ಟು ನೀರು ಕುಡಿಯಲಿಲ್ಲ.

ಅಮ್ಮಾ, ಯಾವ ಹುಡುಗರು?

ಹೇಮಾ


ಸಖರಾಯಪಟ್ಟಣ
೨ ಫೆಬ್ರವರಿ ೨೦೨೪

ಹೇಮಾಳಿಗೆ ಆಶೀರ್ವಾದ.

ಕಾಗದ ತಲುಪಿತು. ನಾನು ಚೆನ್ನಾಗಿದ್ದೇನೆ. ಅಜ್ಜಿಗೆ ಎಂಬತ್ತು ಹತ್ತಿರ ಬಂತು, ಬಾಯಿಗೆ ಬಂದದ್ದು ಆಡುತ್ತಾಳೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಈ ಹೊತ್ತಿನಲ್ಲಿ ಹಳೆಯದನ್ನು ಕೆದಕಿದರೆ ಹೊಟ್ಟೆಯಲ್ಲಿರುವುದಕ್ಕೆ ಒಳ್ಳೆಯದಲ್ಲ. ಹಾಲಿಗೆ ಒಂದೆರಡು ಖರ್ಜೂರ ಹಾಕಿಕೊಂಡು ಕುಡಿ.

ಅಮ್ಮ


ಲಿಂಗದಹಳ್ಳಿ
೧೨ ಫೆಬ್ರವರಿ ೨೦೨೪

ಅಮ್ಮಾ,

ಖರ್ಜೂರ ತಿಂದೆ. ಇನ್ನು ಉತ್ತರ ಕೊಡು.

ಮೊನ್ನೆ ತನುಜಾ ಸಿಸ್ಟರ್ ರವಿಕೆ ಅಳತೆ ಕೊಡುವ ನೆಪ ಮಾಡಿ ಬಂದಿದ್ದರು. ಅಜ್ಜಿ ಬಾಗಿಲಲ್ಲೇ ಕೂತಿದ್ದಳು. ನಾನು ಟೇಪು ಹಿಡಿದು ಅಳೆಯುತ್ತಾ ದುಶ್ಯಂತ ಹೇಗಿದ್ದ ಎಂದು ಸಣ್ಣಗೆ ಹೇಳುತ್ತಾ ಹೋದೆ. ಕತ್ತು ನಿಲ್ಲದ್ದು, ಉಸಿರು ಎದೆಯಲ್ಲಿ ಆಡದೆ ಹೊಟ್ಟೆಯಲ್ಲಿ ಆಡುತ್ತಿದ್ದದ್ದು, ಅಳು ದಿನದಿನಕ್ಕೆ ಬೆಕ್ಕಿನ ಮರಿಯಷ್ಟಾದದ್ದು. ಅವರು ತೋಳು ಚಾಚಿದವರು ಹಾಗೇ ನಿಂತರು. ಆಮೇಲೆ ಹೇಳಿದರು, “ಇದು ಕಫ ಅಲ್ಲಮ್ಮ. ನಿನ್ನ ಹಾಲಿಗೂ ಇದಕ್ಕೂ ಸಂಬಂಧ ಇಲ್ಲ.”

ಎರಡೂವರೆ ವರ್ಷದಿಂದ ಈ ಮಾತನ್ನು ಯಾರಾದರೂ ಹೇಳಲಿ ಎಂದು ಕಾದಿದ್ದೆ. ಹೇಳಿದಾಗ ಅಳು ಬರಲಿಲ್ಲ, ಟೇಪಿನ ಅಂಕಿ ಮಾತ್ರ ಕಾಣಿಸಲಿಲ್ಲ.

ಇಂಥದ್ದು ಮನೆತನದ ರಕ್ತದಲ್ಲಿ ಬರುವುದುಂಟಂತೆ. ತಾಯಿ ಕಡೆ ಹೀಗೆ ಮಕ್ಕಳು ಹೋಗಿದ್ದರೆ ಅದನ್ನು ಹೇಳಿ ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತಾರಂತೆ. ಅಲ್ಲಿ ನಮ್ಮಿಬ್ಬರ ರಕ್ತ ನೋಡಿ, ಆಮೇಲೆ ಹೊಟ್ಟೆಯಲ್ಲಿರುವ ಕೂಸಿಗೆ ಅದು ಇದೆಯೋ ಇಲ್ಲವೋ ಎಂದು ಹೇಳುವ ಪರೀಕ್ಷೆ ಉಂಟು. ಆದರೆ ಬೇಗ ಆಗಬೇಕು, ಐದು ತಿಂಗಳು ಕಳೆದ ಮೇಲೆ ತಿಳಿದು ಏನೂ ಮಾಡುವ ಹಾಗಿರುವುದಿಲ್ಲ ಎಂದರು. ಒಂದು ಕೂಸು ಹೋದದ್ದಕ್ಕೆ ನೂರು ಕಾರಣ ಇರಬಹುದು, ಮನೆಯಲ್ಲಿ ಇನ್ನೂ ಹೋಗಿದ್ದರೆ ಮಾತೇ ಬೇರೆ ಎಂದರು.

ಅಜ್ಜಿಯ ಮೂರು ತಿಂಗಳು ಇಪ್ಪತ್ತೈದನೇ ತಾರೀಕಿಗೆ ತುಂಬುತ್ತದೆ. ಇಪ್ಪತ್ತೊಂಬತ್ತು, ಗುರುವಾರ, ಆಸ್ಪತ್ರೆಗೆ ಹೋಗುವುದು ಎಂದು ನಿಶ್ಚಯವಾಗಿದೆ. ಅಜ್ಜಿಯೂ ಮಾವನೂ ಜೊತೆಗೆ ಬರುತ್ತಾರೆ. ನಿನ್ನ ಮಗಳು ಆ ಕುರ್ಚಿಯಲ್ಲಿ ಕೂತಾಗ ಏನು ಹೇಳಬೇಕು ಎಂದು ನೀನು ಬರೆಯಬೇಕು. ಇಲ್ಲ ಎಂದಾದರೆ ಇಲ್ಲ ಎಂದು ಬರೆ, ದುಶ್ಯಂತನ ಮೇಲೆ ಆಣೆ ಇಟ್ಟು ಬರೆ. ಆಮೇಲೆ ನಾನು ಕೇಳುವುದಿಲ್ಲ.

ಹೇಮಾ


ಸಖರಾಯಪಟ್ಟಣ
೨೦ ಫೆಬ್ರವರಿ ೨೦೨೪

ಹೇಮಾ,

ಇದನ್ನು ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು, ಹೇಗಿದ್ದರೂ ಇದನ್ನೇ ಹಾಕುತ್ತೇನೆ. ಅಂಚೆ ಕಚೇರಿಗೆ ನಾನೇ ನಡೆದು ಹೋಗುತ್ತೇನೆ. ಮಂಡಿನೋವು ಎಂದದ್ದು ಸುಳ್ಳು.

ನಿನಗಿಂತ ಮೊದಲು ನನಗೆ ಇಬ್ಬರು ಗಂಡುಮಕ್ಕಳು. ಮೊದಲನೆಯವನು ಎಂಬತ್ತೆಂಟರಲ್ಲಿ, ಕಲ್ಲೇಶ ಎಂದು ಹೆಸರಿಟ್ಟಿದ್ದೆವು. ಒಂಬತ್ತು ತಿಂಗಳಿಗೆ ಹೋದ. ಎರಡನೆಯವನು ತೊಂಬತ್ತೊಂದರಲ್ಲಿ. ಅವನಿಗೆ ಹೆಸರಿಡುವ ಧೈರ್ಯ ಬರಲಿಲ್ಲ, ಪಾಪು ಎಂದೇ ಕರೆದೆವು. ಏಳು ತಿಂಗಳಿದ್ದ. ಇಬ್ಬರೂ ದುಶ್ಯಂತನ ಹಾಗೇ. ಬೆಳ್ಳಗೆ, ದುಂಡಗೆ, ಕಣ್ಣು ಪಿಳಿಪಿಳಿ, ಮೈಯಲ್ಲಿ ಮಾತ್ರ ಕಸುವಿಲ್ಲ. ಹಲ್ಲು ಬಾರದ ಕೂಸನ್ನು ನಮ್ಮಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ತಿಥಿಯಿಲ್ಲ, ಗುರುತಿಲ್ಲ. ಹೋದವರ ಹೆಸರೆತ್ತಿದರೆ ಇರುವ ಕೂಸಿಗೆ ಆಗಿಬರುವುದಿಲ್ಲ ಎಂದು ನಿಮ್ಮ ತಂದೆಯ ತಾಯಿ ಬಾಯಿ ಕಟ್ಟಿಸಿದಳು. ನೀನು ಹುಟ್ಟಿದ ಮೇಲೆ ಕೇರಿಯ ಅಷ್ಟೂ ಜನ ಆ ಮಾತನ್ನು ನಡೆಸಿಕೊಟ್ಟರು. ನಿನ್ನನ್ನು ಎತ್ತಿ ಆಡಿಸಿದವರಿಗೆಲ್ಲ ಗೊತ್ತಿತ್ತು. ಮನೆಮನೆ ತಿರುಗಿ ಹುಟ್ಟು ಸಾವು ಬರೆದುಕೊಂಡವಳು ನಾನು, ನನ್ನ ಮನೆಯ ಪುಟದಲ್ಲಿ ನಿನ್ನೊಬ್ಬಳ ಹೆಸರು.

ನಿಮ್ಮಪ್ಪ ನನಗೆ ಸೋದರತ್ತೆಯ ಮಗ. ಪಾಪುವನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿದ್ದಾಗ ಮಕ್ಕಳ ಡಾಕ್ಟರೊಬ್ಬರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಈ ಕಾಯಿಲೆ ರಕ್ತದಲ್ಲಿ ಅಡಗಿ ಕೂತಿರುತ್ತದೆ, ಒಬ್ಬರಲ್ಲೇ ಇದ್ದರೆ ತೊಂದರೆಯಿಲ್ಲ, ಗಂಡ ಹೆಂಡತಿ ಇಬ್ಬರಲ್ಲೂ ಇದ್ದರೆ ಹುಟ್ಟುವ ನಾಲ್ಕರಲ್ಲಿ ಒಂದಕ್ಕೆ ಬರುತ್ತದೆ ಎಂದರು. ನಾಲ್ಕರಲ್ಲಿ ಒಂದು ಎಂದವರ ಮುಂದೆ ನಾನು ಎರಡಕ್ಕೆ ಎರಡನ್ನೂ ಕಳಕೊಂಡು ಕೂತಿದ್ದೆ. ನೀನು ಹುಟ್ಟಿ ವರ್ಷ ತುಂಬಿದ ಮೇಲೆ ಅವರಿಗೇ ತೋರಿಸಿದೆವು. ನೀನು ಮೇಜಿನ ಮೇಲೆ ಎದ್ದು ನಿಂತು ಅವರ ಕನ್ನಡಕ ಕಿತ್ತೆ. ಡಾಕ್ಟರು ನಕ್ಕರು, ನಿಮ್ಮಪ್ಪನೂ ನಕ್ಕರು. ಹೊರಡುವಾಗ ಡಾಕ್ಟರು ನನ್ನನ್ನೇ ನೋಡಿ ಹೇಳಿದರು, “ಇವಳನ್ನ ಮಾತ್ರ ಸಂಬಂಧದೊಳಗೆ ಕೊಡ್ಬೇಡಿ ತಾಯಿ.”

ನಾನು ಹೂಂ ಎಂದೆ. ಇಷ್ಟು ಸ್ಪಷ್ಟವಾಗಿ ಕೇಳಿಸಿಕೊಂಡವಳು ನಾನು. ಆಗ ನನ್ನ ಕಿವಿ ಚೆನ್ನಾಗಿಯೇ ಇತ್ತು.

ನಿನಗೆ ಹೊರಗಿನಿಂದಲೇ ಹುಡುಗನನ್ನು ನೋಡಿದೆ, ಅದನ್ನು ನೀನು ನಂಬಬೇಕು. ಮೂರು ಕಡೆ ಮಾತು ನಡೆಯಿತು. ಅಜ್ಜಂಪುರದ ಸಂಬಂಧ ನಿನಗೆ ನೆನಪಿರಬಹುದು, ಮಾತುಕತೆ ಮುಗಿದು ವೀಳ್ಯದ ದಿನವೂ ಗೊತ್ತಾಗಿತ್ತು. ನಿನ್ನ ಎತ್ತರ ಸಾಲದು ಎಂದು ಬಿಟ್ಟರು ಎಂದು ನಿನಗೆ ಹೇಳಿದೆ. ನಿಜವೆಂದರೆ ನಮ್ಮೂರಿನಿಂದ ಅಲ್ಲಿಗೆ ಸೊಸೆಯಾಗಿ ಹೋದವಳೊಬ್ಬಳು ಅವರ ಕಿವಿಗೆ ಹಾಕಿದ್ದಳು, ಆ ಮನೆಯಲ್ಲಿ ಕೂಸು ನಿಲ್ಲಲ್ಲ ಎಂದು. ಮೂರು ಕಡೆಯೂ ಅದೇ ಆಯಿತು. ನಿನ್ನಿಂದ ಮುಚ್ಚಿಟ್ಟದ್ದು ಊರೂರಿಗೆ ಗೊತ್ತಿತ್ತು. ಕೊನೆಗೆ ನನ್ನ ಅವ್ವ, ನಿನ್ನ ಅಜ್ಜಿ, ಬಂದು ಕೂತಳು. ಹೊರಗಿನವರ ಬಾಗಿಲು ಯಾಕೆ ಕಾಯುತ್ತೀಯ, ನಿನ್ನ ತಮ್ಮ ಪರಮೇಶನಿಗೆ ಕೊಡು, ಅವನಿಗೂ ವಯಸ್ಸು ಮೀರುತ್ತಿದೆ, ನಮ್ಮ ಕೂಸು ನಮ್ಮಲ್ಲೇ ಇರಲಿ ಎಂದಳು. ಅವಳಿಗೆ ಇವತ್ತಿಗೂ ಅದು ದೇವರ ಮುನಿಸು. ರಕ್ತ ಎಂದರೆ ಅವಳಿಗೆ ಅರ್ಥವಾಗುವುದಿಲ್ಲ. ನನಗೆ ಅರ್ಥವಾಗುತ್ತಿತ್ತು. ಅವನು ಎತ್ತಿನ ಹಾಗೆ ಗಟ್ಟಿಯಾಗಿದ್ದಾನೆ, ಅವನಲ್ಲಿ ಇರಲಾರದು ಎಂದುಕೊಂಡೆ. ನನ್ನ ಮಗಳನ್ನು ನನ್ನ ಮನೆಯವರನ್ನು ಬಿಟ್ಟು ಬೇರೆ ಯಾರೂ ಕೇಳುತ್ತಿಲ್ಲ ಎಂಬ ಅವಮಾನವೂ ಇತ್ತು. ಅವ್ವನಿಗೆ ಆಗಲಿ ಎಂದೆ.

ದುಶ್ಯಂತನಿಗೆ ದಿನಾ ನೀರು ಹಾಕುತ್ತಿದ್ದವಳು ನಾನು. ಎರಡು ತಿಂಗಳು ತುಂಬಿದ ದಿನ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಒತ್ತುತ್ತಿದ್ದೆ. ತೊಡೆ ಎರಡೂ ಬದಿಗೆ ಬಿದ್ದುಕೊಂಡವು, ಎಷ್ಟು ಕೂಡಿಸಿದರೂ ಬಿದ್ದುಕೊಂಡವು. ಬಾಯಿ ತೆರೆದು ನೋಡಿದೆ. ನಾಲಿಗೆ ಸಣ್ಣಗೆ ನಡುಗುತ್ತಿತ್ತು. ಕಲ್ಲೇಶನಿಗೂ ಹಾಗೇ, ಪಾಪುವಿಗೂ ಹಾಗೇ. ಬಿಸಿನೀರು ಆರುವ ತನಕ ಕೂಸನ್ನು ಕಾಲ ಮೇಲೆ ಇಟ್ಟುಕೊಂಡು ಕೂತಿದ್ದೆ. ನೀನು ಒಳಗಿನಿಂದ, ಏನಮ್ಮ ಇಷ್ಟು ಹೊತ್ತು, ಅವನಿಗೆ ಶೀತವಾಗುತ್ತೆ ಎಂದು ಕೂಗಿದೆ.

ಅವತ್ತೇ ಹೇಳಬೇಕಿತ್ತು. ಹೇಳಿದ್ದರೂ ಅವನು ಉಳಿಯುತ್ತಿರಲಿಲ್ಲ, ಆದರೆ ನೀನು ನಿನ್ನ ಹಾಲನ್ನು ಬೈದುಕೊಳ್ಳುತ್ತಿರಲಿಲ್ಲ. ಮೂರನೆಯ ಸಲ ಅದನ್ನು ಕಣ್ಣಾರೆ ನೋಡಲು ನನ್ನಿಂದ ಆಗಲಿಲ್ಲ. ನಿಮ್ಮನ್ನು ಬಸ್ಸು ಹತ್ತಿಸಿದೆ. ಹೇಳಿದರೆ ನೀನು ನನ್ನ ಮುಖ ನೋಡುವುದಿಲ್ಲ ಎಂಬ ಭಯ ಬೇರೆ. ನೀನು ಮುಖ ನೋಡದ ಹಾಗೆ ನಾನೇ ಮಾಡಿಕೊಂಡೆ.

ಸಿಸ್ಟರ್ ಹತ್ತಿರ ಎಲ್ಲವನ್ನೂ ಹೇಳು. ಇಬ್ಬರು ಎಂದು ಹೇಳು. ನಿನಗೆ ಬಾಯಿ ಬಾರದಿದ್ದರೆ ಈ ಕಾಗದವನ್ನೇ ಅವರ ಕೈಗೆ ಕೊಡು. ನಾನೂ ಬರಬೇಕೆಂದರೆ ಬರುತ್ತೇನೆ, ಅವ್ವನ ಎದುರಿಗೇ ಹೇಳುತ್ತೇನೆ. ಒಂದು ಸಾಲು ಬರೆದು ಹಾಕು, ಸಾಕು.

ಕ್ಷಮಿಸು ಎಂದು ಬರೆಯಲು ಕೈ ಬರುವುದಿಲ್ಲ.

ಅಮ್ಮ


ಲಿಂಗದಹಳ್ಳಿ
೨ ಮಾರ್ಚ್ ೨೦೨೪

ಅಮ್ಮಾ,

ನಿನ್ನ ಕಾಗದ ಹೋದ ಶನಿವಾರ ಬಂತು. ಎರಡು ದಿನ ನಿನ್ನನ್ನು ಬೈದೆ. ಮನಸ್ಸಿನಲ್ಲಿ ಅಲ್ಲ, ಬಾಯಿಬಿಟ್ಟೇ ಬೈದೆ. ಮಿಷನ್ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಇಂಥ ಬೈಗುಳ ನನಗೆ ಗೊತ್ತಿದೆ ಎಂದು ನನಗೇ ಗೊತ್ತಿರಲಿಲ್ಲ. ಒಂದು ರವಿಕೆಯ ತೋಳನ್ನು ಎರಡು ಸಲ ತಿರುಗಾಮುರುಗಾ ಹೊಲಿದೆ. ನೀನು ಬರುವುದು ಬೇಡವೆನಿಸಿ ಸಾಲು ಬರೆಯಲಿಲ್ಲ.

ಗುರುವಾರ ಹೋದೆವು. ಅಜ್ಜಿ ಹೊಸ ಸೀರೆ ಉಟ್ಟುಕೊಂಡು, ನನ್ನ ಸೆರಗಿಗೆ ನಿಂಬೆಹಣ್ಣು ಗಂಟು ಹಾಕಿದಳು. ಮಾವ ಅಂಗಡಿಗೆ ಬೀಗ ಹಾಕಿ ಬಂದಿದ್ದ. ನಿನ್ನ ಕಾಗದ ನನ್ನ ಪರ್ಸಿನಲ್ಲಿ ಆಧಾರ್ ಕಾರ್ಡಿನ ಜೊತೆ ಇತ್ತು. ಕೊಟ್ಟುಬಿಡಬೇಕು, ಓದಿಕೊಳ್ಳಲಿ, ನಾನು ಬಾಯಿ ಬಿಡುವುದೇ ಬೇಡ ಎಂದು ನಿಶ್ಚಯ ಮಾಡಿಕೊಂಡೇ ಹೋಗಿದ್ದೆ.

ತೂಕ ನೋಡಿದರು, ನಲವತ್ತಾರು. ಬಿಪಿ ನೋಡಿದರು. ರಕ್ತ ತೆಗೆದುಕೊಂಡರು, ಟಿಟಿ ಇಂಜೆಕ್ಷನ್ ಕೊಟ್ಟರು. ಆಮೇಲೆ ಸಿಸ್ಟರ್ ಅಜ್ಜಿಯನ್ನೂ ಮಾವನನ್ನೂ ಹೊರಗೆ ಕೂರಿಸಿ ಬಾಗಿಲು ಹಾಕಿಕೊಂಡರು. ಅದು ನನಗೋಸ್ಕರ ಮಾಡಿದ್ದು, ಗೊತ್ತಾಯಿತು. ಕೋಣೆಯಲ್ಲಿ ನಾವಿಬ್ಬರೇ. ನನ್ನನ್ನು ಯಾರೂ ತಡೆಯಲಿಲ್ಲ, ಇದನ್ನು ನೀನು ತಿಳಿದುಕೊಂಡಿರಬೇಕು. ಅಜ್ಜಿಗೆ ಹೆದರಿದೆ ಎಂದು ಆಮೇಲೆ ನಾನೂ ಹೇಳಬಾರದು, ನೀನೂ ಅಂದುಕೊಳ್ಳಬಾರದು.

ಮಂಚದ ಮೇಲೆ ಮಲಗಿಸಿ, ಹೊಟ್ಟೆಗೆ ತಣ್ಣನೆಯದು ಏನೋ ಸವರಿ, ಸಣ್ಣದೊಂದು ಮಿಷನ್ ಒತ್ತಿದರು. ಮೊದಲು ಬರೀ ಗೊರಗೊರ. ಇನ್ನೂ ಚಿಕ್ಕದು, ಸಿಗದಿದ್ದರೂ ಹೆದರಬೇಡ ಎಂದರು. ಆಮೇಲೆ ಕೂಸಿನ ಎದೆಬಡಿತ ಸಿಕ್ಕಿತು. ಎಷ್ಟು ಜೋರು ಅಮ್ಮ. ಸಿಸ್ಟರ್ ತೆಗೆಯಲು ಹೋದಾಗ ನಾನು ಅವರ ಕೈ ಹಿಡಿದುಕೊಂಡೆ. ಇನ್ನೊಂದು ಸ್ವಲ್ಪ ಹೊತ್ತು ಇಟ್ಟರು.

ಅದಾದ ಮೇಲೆ ಕುರ್ಚಿಯಲ್ಲಿ ಕೂರಿಸಿ ತಾಯಿ ಕಾರ್ಡ್ ಬರೆಯತೊಡಗಿದರು. ಮೊದಲು ಕಾರ್ಡ್ ಬರೆದು ಆಮೇಲೆ ಮಲಗಿಸಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಎಷ್ಟನೆಯ ಬಸುರಿ ಎಂದರು, ಎರಡನೆಯದು. ಇರುವ ಮಕ್ಕಳು, ಇಲ್ಲ. ಸಂಬಂಧದಲ್ಲಿ ಮದುವೆಯೇ, ಹೌದು, ಸೋದರಮಾವ. ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

“ನಿಮ್ಮ ತಾಯಿನ ಕೇಳಿದ್ಯಾ? ಅವ್ರಿಗೆ ಹೀಗೆ ಮಕ್ಕಳು ಹೋಗಿದ್ವಾ?”

“ಕೇಳ್ದೆ ಸಿಸ್ಟರ್. ಇಲ್ವಂತೆ. ನಾನೊಬ್ಳೇ.”

ಅವರು ತಕ್ಷಣ ಬರೆಯಲಿಲ್ಲ. ಮತ್ತೊಮ್ಮೆ ಕೇಳಿದರು, ಯೋಚನೆ ಮಾಡಿ ಹೇಳು ಎಂದರು. ನಾನು ಮತ್ತೊಮ್ಮೆ ಅದನ್ನೇ ಹೇಳಿದೆ. ಹಾಗಾದರೆ ಸರಿ ಎಂದು ಬರೆದುಕೊಂಡರು. ನಾಲ್ಕು ವಾರ ಬಿಟ್ಟು ಬಾ, ಸ್ಕ್ಯಾನಿಂಗಿಗೆ ಬರೆದುಕೊಡುತ್ತೇನೆ ಎಂದರು. ಸ್ಕ್ಯಾನಿಂಗಿನಲ್ಲಿ ಇದು ಕಾಣುವುದಿಲ್ಲ ಎಂದು ಹೋದ ಸಲವೇ ಅವರು ಹೇಳಿದ್ದರು. ಇಬ್ಬರಿಗೂ ಅದು ಗೊತ್ತಿತ್ತು.

ನಿಜ ಹೇಳಿದ್ದರೆ ಬೆಂಗಳೂರು, ಹೊಟ್ಟೆಗೆ ಸೂಜಿ, ಮೂರು ನಾಲ್ಕು ವಾರ ಕಾಯುವುದು. ಆಮೇಲೆ ಯಾರೋ ಗುರುತಿಲ್ಲದವರು ತೆಗೆಸಿಬಿಡಿ ಎಂದು ಒಂದು ಮಾತು ಹೇಳುತ್ತಾರೆ, ನಾನು ಹೂಂ ಅನ್ನಬೇಕು. ಆ ಸದ್ದು ಕೇಳಿದ ಮೇಲೆ ನನಗೆ ಆ ಹೂಂ ಬರುವುದಿಲ್ಲ. ದುಶ್ಯಂತ ಎಂಟು ತಿಂಗಳಿದ್ದ. ಎಂಟು ತಿಂಗಳು ಕಡಿಮೆಯಲ್ಲ ಎಂದು ಒಮ್ಮೊಮ್ಮೆ ಅನಿಸುತ್ತದೆ. ಹೀಗೆ ಅನಿಸುವುದು ಪಾಪ ಎಂದು ಗೊತ್ತು. ಉಸಿರಿಗೆ ಒದ್ದಾಡಿದವನು ಅವನು, ನಾನಲ್ಲ. ಅವನ ಪಾಲಿಗೆ ಆ ಎಂಟು ತಿಂಗಳು ಏನಾಗಿತ್ತು ಎಂದು ಯೋಚಿಸಲು ಹೋದರೆ ತಲೆ ಮುಂದಕ್ಕೆ ಹೋಗುವುದಿಲ್ಲ.

ನಾಲ್ಕರಲ್ಲಿ ಒಂದು ಎಂದು ನೀನು ಬರೆದೆ. ನಾನು ನಾಲ್ಕರಲ್ಲಿ ಮೂರು ಎಂದು ಓದಿಕೊಂಡೆ. ನೀನೂ ಹಾಗೆಯೇ ಓದಿಕೊಂಡಿದ್ದೆ ಅಲ್ಲವೇ? ಇನ್ನು ನಾನು ನಿನ್ನನ್ನು ಬೈಯುವ ಹಾಗಿಲ್ಲ. ಅದೊಂದು ಸಿಟ್ಟಾದರೂ ನನ್ನದೇ ಆಗಿ ಉಳಿಯುತ್ತದೆ ಎಂದುಕೊಂಡಿದ್ದೆ, ಅದೂ ಹೋಯಿತು. ಮನೆಗೆ ಬಂದು ನಿನ್ನ ಕಾಗದವನ್ನು ಒಲೆಗೆ ಹಾಕಿದೆ. ಮಾವ ಏನದು ಎಂದ, ಹಳೇ ಬಿಲ್ಲು ಎಂದೆ. ಅವನಿಗೂ ಹೇಳಿಲ್ಲ. ಅವನು ಇವತ್ತು ತೊಟ್ಟಿಲಿಗೆ ಕೊಂಡಿ ಹಾಕಲು ತೊಲೆ ನೋಡುತ್ತಿದ್ದ.

ಎರಡನೆಯ ಹೆರಿಗೆ ಗಂಡನ ಮನೆಯಲ್ಲೇ ಆಗಬೇಕು ಎಂದು ಅಜ್ಜಿ ಹೇಳುತ್ತಾಳೆ. ಆದರೂ ಬಾಣಂತನಕ್ಕೆ ನಾನು ನಿನ್ನಲ್ಲಿಗೇ ಬರುತ್ತೇನೆ. ಕೂಸಿಗೆ ನೀನೇ ನೀರು ಹಾಕಬೇಕು, ಬೇರೆಯವರ ಕೈಗೆ ಕೊಡುವುದಿಲ್ಲ. ಎರಡನೆಯ ತಿಂಗಳಿಗೆ ನಿನಗೆ ಗೊತ್ತಾಗುತ್ತದೆ. ಗೊತ್ತಾದರೆ ನನಗೆ ಹೇಳಬೇಡ. ನಮ್ಮನ್ನು ಬಸ್ಸು ಹತ್ತಿಸಲೂ ಬೇಡ.

ನಿನ್ನ ಮಗಳು,
ಹೇಮಾ